ಮೊದಲ ಕಳವೂ ಅಳಿಯದ ದಾಖಲೆಯೂ

“ತಪ್ಪೊಪ್ಪಿಕೊಂಡುಬಿಡು, ಸಣ್ಣ ದಂಡದಲ್ಲಿ ಮುಗಿದುಹೋಗುತ್ತದೆ” ಎಂಬ ಮಾತು ನಮ್ಮ ಮ್ಯಾಜಿಸ್ಟ್ರೇಟ್ ನ್ಯಾಯಾಲಯಗಳ ಪಡಸಾಲೆಯಲ್ಲಿ ಕರುಣೆಯ ಮಾತಿನಂತೆಯೇ ಕೇಳಿಬರುತ್ತದೆ. ಅಂಗಡಿಯೊಳಗೆ ಮುನ್ನೂರು ರೂಪಾಯಿಯ ಸುಗಂಧದ ಸೀಸೆಯನ್ನು ಚೀಲಕ್ಕೆ ಸೇರಿಸಿಕೊಂಡು, ಬಾಗಿಲಲ್ಲಿ ಕಾವಲುಗಾರನ ಕೈಗೆ ಸಿಕ್ಕಿಬಿದ್ದು, ನಾಚಿಕೆಯಿಂದ ತಲೆಯೆತ್ತಲಾರದೆ ನಿಂತ ಹತ್ತೊಂಬತ್ತರ ತರುಣನಿಗೆ ಅದಕ್ಕಿಂತ ಪ್ರಿಯವಾದ ಉಪದೇಶ ಬೇರೊಂದಿರಲಾರದು. ಆದರೆ ಆ ದಿನ ಅವನು ತೆತ್ತ ದಂಡಕ್ಕಿಂತ, ಅವನ ಹೆಸರಿಗೆ ಅಂಟಿಕೊಂಡ ‘ಅಪರಾಧಿ’ ಎಂಬ ಶಬ್ದದ ಬೆಲೆಯೇ ಎಷ್ಟೋ ಮಡಿ ಹೆಚ್ಚಿನದೆಂಬುದು, ನೌಕರಿಗಾಗಿ ಪೊಲೀಸ್ ಪರಿಶೀಲನೆಯ ನಮೂನೆಯನ್ನು ತುಂಬಲು ಕುಳಿತಾಗಲೇ ಅವನಿಗೆ ತಿಳಿಯುವುದು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯು ಇಂಥವನಿಗೆ ಒಂದು ದಯೆಯ ಮಾರ್ಗವನ್ನು ತೆರೆದಿದೆಯೆಂಬುದನ್ನು ಸಂತೋಷದಿಂದಲೇ ಒಪ್ಪಬೇಕು. ಅದರ 303ನೆಯ ಕಲಮಿನಂತೆ ಕಳವಿಗೆ ಮೂರು ವರ್ಷಗಳವರೆಗೆ ಸೆರೆವಾಸವುಂಟಾದರೂ, ಕದ್ದ ವಸ್ತುವಿನ ಮೌಲ್ಯ 5,000 ರೂಪಾಯಿಗಿಂತ ಕಡಮೆಯಾಗಿದ್ದು, ಅಪರಾಧಿಯೆಂದು ಸ್ಥಾಪಿತನಾದುದು ಅದೇ ಮೊದಲ ಸಲವಾಗಿದ್ದು, ವಸ್ತುವನ್ನಾಗಲಿ ಅದರ ಬೆಲೆಯನ್ನಾಗಲಿ ಅವನು ಹಿಂದಿರುಗಿಸಿದಲ್ಲಿ, ಶಿಕ್ಷೆಯು ಸಮುದಾಯ ಸೇವೆಯಾಗತಕ್ಕದ್ದು. ಆದಾಗ್ಯೂ ಎರಡೇ ಕಲಮುಗಳಾಚೆ, 305ರಲ್ಲಿ, ವಾಸಗೃಹದಲ್ಲಿ ಅಥವಾ ಸ್ವತ್ತನ್ನು ಇರಿಸುವ ಕಟ್ಟಡದಲ್ಲಿ ನಡೆದ ಕಳವಿಗೆ ಏಳು ವರ್ಷಗಳವರೆಗೆ ಸೆರೆವಾಸವನ್ನು ಹೇಳಿದೆ. ಅಲ್ಲಿ ಆ ದಯೆಯ ಉಪವಾಕ್ಯವಿಲ್ಲ. ಅಂಗಡಿಯೂ ಸ್ವತ್ತಿರಿಸುವ ಕಟ್ಟಡವೇ ಎಂದು ಠಾಣೆಯಲ್ಲಿ ಬರೆದುಕೊಂಡರೆ, ಅದೇ ಸೀಸೆ, ಅದೇ ತರುಣ, ಅದೇ ಪಶ್ಚಾತ್ತಾಪವಿದ್ದರೂ ಪ್ರಕರಣವು ಜಾಮೀನುರಹಿತವಾಗಿಬಿಡುತ್ತದೆ. ಲೇಖನಿಯ ಒಂದು ಅಂಕಿಯ ಮೇಲೆ ಒಬ್ಬನ ಮುಂದಿನ ಜೀವಿತವೆಲ್ಲ ನಿಂತಿರುವುದು ನನಗೆ ಸಹ್ಯವಾಗಿ ತೋರುವುದಿಲ್ಲ.

1958ರ ಅಪರಾಧಿಗಳ ಪರಿವೀಕ್ಷಣಾ ಅಧಿನಿಯಮವನ್ನು ರಚಿಸಿದವರು ಈ ವಿಷಯದಲ್ಲಿ ನಮಗಿಂತ ಉದಾರಿಗಳಾಗಿದ್ದರು. ಪೂರ್ವದಲ್ಲಿ ಶಿಕ್ಷೆಯಾಗದವನನ್ನು ಎಚ್ಚರಿಕೆಯ ಮಾತಿನಿಂದಲೇ ಬಿಟ್ಟುಕಳುಹಿಸಬಹುದಾದ ಅಪರಾಧಗಳನ್ನು ಹೆಸರಿಸುವಾಗ, ಅವರು ಅಂದಿನ ದಂಡಸಂಹಿತೆಯಲ್ಲಿ ಸಾಮಾನ್ಯ ಕಳವಿನ ಕಲಮಾದ 379ನ್ನು ಮಾತ್ರವಲ್ಲದೆ, ಮನೆ ಮತ್ತು ಕಟ್ಟಡಗಳ ಕಳವಿನ 380ನ್ನೂ ಸೇರಿಸಿದರು. ಸನ್ನಡತೆಯ ಮುಚ್ಚಳಿಕೆಯ ಮೇಲೆ ಬಿಡುಗಡೆ ಮಾಡುವ ಅಧಿಕಾರವನ್ನೂ ಕೊಟ್ಟರು. ಅರವತ್ತೈದು ವರ್ಷಗಳ ತರುವಾಯ ರಚಿತವಾದ ಸಂಹಿತೆ ಕರುಣೆಯ ವ್ಯಾಪ್ತಿಯನ್ನು ಹಿಗ್ಗಿಸಬೇಕಾಗಿದ್ದಲ್ಲಿ ಕುಗ್ಗಿಸಿತೇಕೆ?

ದಾಖಲೆಯ ಸಂಗತಿ ಇನ್ನೂ ಕಠಿಣವಾದುದು. ಸಮುದಾಯ ಸೇವೆಯೂ ಶಿಕ್ಷೆಯೇ ಆದುದರಿಂದ, ರಸ್ತೆ ಗುಡಿಸಿ ಮುಗಿಸಿದ ಮೇಲೂ ತೀರ್ಪು ಉಳಿದೇ ಉಳಿಯುತ್ತದೆ. 303ರ ಕಳವನ್ನು ಸ್ವತ್ತಿನ ಒಡೆಯನು ರಾಜಿ ಮಾಡಿಕೊಳ್ಳಬಹುದು, ಆ ರಾಜಿಗೆ ಖುಲಾಸೆಯ ಫಲವುಂಟು. ಆದುದರಿಂದ ತಪ್ಪೊಪ್ಪಿಗೆಗೆ ಸಹಿ ಹಾಕುವ ಮುನ್ನ ಅಂಗಡಿಯವನ ಬಳಿಗೆ ಹೋಗಿ ಕೈಮುಗಿಯುವುದು ಅವಮಾನವಲ್ಲವೆಂದು ಹೆತ್ತವರಿಗೆ ಹೇಳಬಯಸುತ್ತೇನೆ. 1958ರ ಕಾಯಿದೆಯ 12ನೆಯ ಕಲಮು ಶಿಕ್ಷೆಗೆ ಅಂಟಿಬರುವ ಅನರ್ಹತೆಯನ್ನು ನಿವಾರಿಸುತ್ತದಾದರೂ, ಅದು ಅಪರಾಧಸ್ಥಾಪನೆಯನ್ನು ಅಳಿಸುವುದಿಲ್ಲವೆಂಬುದನ್ನು ಸರ್ವೋಚ್ಚ ನ್ಯಾಯಾಲಯವು 1985ರಲ್ಲಿ ಶಂಕರ ದಾಸ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಹಾಗೆಂದು ನಮೂನೆಯಲ್ಲಿ ಮರೆಮಾಚುವುದು ಇನ್ನೊಂದು ಪ್ರಮಾದ: ಕ್ಷುಲ್ಲಕ ಅಪರಾಧವನ್ನು ನಿಜವಾಗಿ ತಿಳಿಸಿದವನ ವಿಷಯದಲ್ಲಿಯೂ, ಮುಚ್ಚಿಟ್ಟವನ ವಿಷಯದಲ್ಲಿಯೂ ಉದ್ಯೋಗದಾತನು ವಿವೇಚನೆಯಿಂದ ನಡೆಯಬೇಕೆಂದು 2016ರ ಅವತಾರ್ ಸಿಂಗ್ ತೀರ್ಪು ವಿಧಿಸಿದೆಯಾದರೂ, ಮುಚ್ಚಿಟ್ಟವನ ಪಕ್ಷ ಯಾವಾಗಲೂ ದುರ್ಬಲವೇ.

ಇಂಗ್ಲೆಂಡು 1974ರಲ್ಲಿಯೇ, ನಿಯತಕಾಲ ನಿರ್ದೋಷವಾಗಿ ಬಾಳಿದವನ ಹಳೆಯ ಶಿಕ್ಷೆಯನ್ನು ತೀರಿದ ಸಾಲದಂತೆ ಎಣಿಸುವ ಕಾಯಿದೆಯನ್ನು ಮಾಡಿತು. ನಮ್ಮ ಬಾಲನ್ಯಾಯ ಕಾಯಿದೆಯೂ ಹದಿನೆಂಟು ತುಂಬದವನ ದಾಖಲೆಗಳನ್ನು, ಘೋರ ಅಪರಾಧಗಳ ಹೊರತು, ನಾಶಪಡಿಸಬೇಕೆನ್ನುತ್ತದೆ. ಹದಿನೇಳು ವರ್ಷ ಹನ್ನೊಂದು ತಿಂಗಳಿನ ಹುಡುಗನಿಗೆ ಉಳ್ಳ ಈ ಬಿಡುಗಡೆ ಹತ್ತೊಂಬತ್ತರ ಅವನ ಅಣ್ಣನಿಗೆ ಇಲ್ಲ. ವಸ್ತುವನ್ನು ಹಿಂದಿರುಗಿಸಿ, ಸೇವೆಯನ್ನು ಪೂರೈಸಿ, ಐದು ವರ್ಷ ಬೇರಾವ ಪ್ರಕರಣವೂ ಇಲ್ಲದೆ ಬಾಳಿದವನು ಅದೇ ನ್ಯಾಯಾಲಯಕ್ಕೆ ಒಂದು ಅರ್ಜಿ ಸಲ್ಲಿಸಿ ತನ್ನ ದಾಖಲೆಯನ್ನು ಮುಚ್ಚಿಸಿಕೊಳ್ಳುವಂತಾಗಬೇಕು; ಅದಕ್ಕೆ ಬೇಕಾದ ತಿದ್ದುಪಡಿಯನ್ನೂ, ಅಂಗಡಿಯ ಅಲ್ಪ ಕಳವನ್ನು 305ರ ಹೊರಗಿಡುವ ಒಂದು ವಾಕ್ಯವನ್ನೂ ಸಂಸತ್ತಿನಲ್ಲಿ ಮಂಡಿಸಬೇಕೆಂದು ನಮ್ಮ ಸದಸ್ಯರನ್ನು ಬೇಡುತ್ತೇನೆ.