ತಂತ್ರಾಂಶ ಪುಕ್ಕಟೆ ಸಿಗುತ್ತದೆ, ಉಳಿದದ್ದನ್ನು ಕೊಡಿ

ಹಕ್ಕೊತ್ತಾಯ ಪತ್ರ

ಇವರಿಗೆ: ಉತ್ತರ ಕನ್ನಡ ಜಿಲ್ಲಾಡಳಿತ ಮತ್ತು ಕಾಲೇಜು ಆಡಳಿತ ಮಂಡಳಿಗಳು
ಇವರಿಂದ: ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ವಿಜ್ಞಾನ ವಿದ್ಯಾರ್ಥಿಗಳು, ಅಧ್ಯಾಪಕರು



ಒಂದು ವಸ್ತುವಿಗೆ ಸುತ್ತಲಿಂದ ಎಕ್ಸ್‌ರೇ ಹಾಯಿಸಿ, ಆ ನೆರಳುಗಳನ್ನೆಲ್ಲ ಲೆಕ್ಕಕ್ಕೆ ಹಾಕಿ, ಒಳಗೇನಿದೆಯೆಂದು ಚಿತ್ರ ಕಟ್ಟುವುದೇ ಸಿಟಿ ಸ್ಕ್ಯಾನಿನ ಗುಟ್ಟು. ಆ ಲೆಕ್ಕ ಮಾಡುವ ಆಸ್ಟ್ರಾ ಟೂಲ್‌ಬಾಕ್ಸ್, ಟೋಮೋಪೈ, ಸೈಕಿಟ್-ಇಮೇಜ್ ಮೂರೂ ಮುಕ್ತ ತಂತ್ರಾಂಶಗಳು. ಪರವಾನಗಿಗೆ ಪೈಸೆ ಖರ್ಚಿಲ್ಲ. ಆದ್ದರಿಂದ ತಂತ್ರಾಂಶಕ್ಕೆಂದು ನಾವು ಹಣ ಕೇಳುತ್ತಿಲ್ಲ. ಅದು ಓಡಲು ಏನೇನು ಬೇಕೋ ಅದನ್ನು ಕೇಳುತ್ತಿದ್ದೇವೆ.

1. ಮೂರೂ ತಾಲ್ಲೂಕು ಕೇಂದ್ರಗಳಲ್ಲಿ ತಲಾ ಒಂದು ಲಿನಕ್ಸ್ ಕಂಪ್ಯೂಟರ್ ಇಡಬೇಕು. ಅದರಲ್ಲಿ ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಇರಲೇಬೇಕು. ಆಸ್ಟ್ರಾದ ಎರಡು ಆಯಾಮದ ಲೆಕ್ಕ ಸಾದಾ ಪ್ರೊಸೆಸರ್‌ನಲ್ಲೂ ನಡೆಯುತ್ತದೆ, ಮೂರು ಆಯಾಮದ್ದು ನಡೆಯುವುದಿಲ್ಲ. ಉದ್ದ, ಅಗಲ, ಎತ್ತರಕ್ಕೆ ತಲಾ 1024 ಬಿಂದುಗಳ ಚಿತ್ರವೊಂದಕ್ಕೆ, ಬಿಂದುವಿಗೆ 4 ಬೈಟಿನಂತೆ, 4 ಜಿಬಿ ಮೆಮೊರಿ ಬೇಕು. 2048ಕ್ಕೆ ಏರಿದರೆ 32 ಜಿಬಿ. ಆಫೀಸಿನಲ್ಲಿ ಸವೆದ ಕಂಪ್ಯೂಟರನ್ನು ತಂದಿಟ್ಟು ಲ್ಯಾಬ್ ಎಂದು ರಿಬ್ಬನ್ ಕತ್ತರಿಸುವುದು ಬೇಡ.

2. ಜೊತೆಗೆ ಯುಪಿಎಸ್. ಮಳೆಗಾಲದ ಕರೆಂಟಿನ ಬಗ್ಗೆ ಕರಾವಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ.

3. ಇನ್‌ಸ್ಟಾಲ್ ಮಾಡುವುದೇ ದೊಡ್ಡ ರಗಳೆ. ಜಿಬಿಗಟ್ಟಲೆ ಫೈಲುಗಳನ್ನು ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಇಳಿಸುವಷ್ಟರಲ್ಲಿ ದಿನದ ಡೇಟಾ ಮುಗಿದಿರುತ್ತದೆ. ಎಲ್ಲ ಇಳಿದ ಮೇಲೂ ಕಾರ್ಡಿನ ಡ್ರೈವರ್ ಹಳೆಯದು, ಕಾರ್ಡಿನ ಮೇಲೆ ಲೆಕ್ಕ ಓಡಿಸುವ ಕುಡಾ ಆವೃತ್ತಿ ಹೊಸದು ಎಂದಾದರೆ ಒಂದಕ್ಕೊಂದು ಕೂಡುವುದಿಲ್ಲ. ಹಾಗಾಗಿ ಒಮ್ಮೆ ಪರೀಕ್ಷಿಸಿ ನೋಡಿದ, ಆವೃತ್ತಿಗಳು ಬದಲಾಗದಂತೆ ಕಟ್ಟಿಟ್ಟ ಪೂರ್ತಿ ಸೆಟ್ ಒಂದು ಹಾರ್ಡ್‌ಡಿಸ್ಕ್‌ನಲ್ಲಿ ಪ್ರತಿ ಕಾಲೇಜಿಗೂ ಬರಲಿ. ಕೊಂಡಾ ಎಂಬ ಪ್ಯಾಕೇಜ್ ವ್ಯವಸ್ಥೆಯ ಮೂಲಕ ಹಾಕಿಕೊಳ್ಳಲು ಅಡ್ಮಿನ್ ಪಾಸ್‌ವರ್ಡ್ ಬೇಕಿಲ್ಲ, ಡ್ರೈವರ್‌ಗೆ ಬೇಕು. ಆ ಪಾಸ್‌ವರ್ಡ್ ಯಾರ ಬಳಿ ಇದೆ, ಅವರು ಯಾವ ಹೊತ್ತಿಗೆ ಸಿಗುತ್ತಾರೆ ಎಂಬುದನ್ನು ಲ್ಯಾಬಿನ ಬಾಗಿಲಿಗೆ ಬರೆದು ಹಚ್ಚಿ.

4. ನಮಗೆ ಅಡಿಕೆಯ ದತ್ತಾಂಶ ಬೇಕು. ಹೆಲ್ಸಿಂಕಿ ವಿಶ್ವವಿದ್ಯಾಲಯದವರು ಒಂದು ಅಕ್ರೋಟಿನ ಎಕ್ಸ್‌ರೇ ಅಳತೆಗಳನ್ನು 2015ರಲ್ಲೇ ಮುಕ್ತವಾಗಿ ಹಂಚಿದರು. ಕಲಿಯುವವರು ಅದನ್ನು ಇಳಿಸಿಕೊಂಡು ಅಕ್ರೋಟಿನ ಒಂದು ಪದರವನ್ನು ಪರದೆಯ ಮೇಲೆ ಕಟ್ಟಿ ನೋಡಬಹುದು. ನಮ್ಮಲ್ಲಿರುವುದು ಅಡಿಕೆ. ಕುಮಟಾ ಮಾರುಕಟ್ಟೆಯಲ್ಲಿ ಅದಕ್ಕೆ ಚಿಪ್ಪು, ಕೋಕಾ, ಫ್ಯಾಕ್ಟರಿ, ಹಳೆ ಚಾಲಿ, ಹೊಸ ಚಾಲಿ ಎಂದು ದರ ಬೇರೆಬೇರೆ. ಒಳಗಿನ ಬಿರುಕು, ಟೊಳ್ಳು ಕಾಣಬೇಕಾದರೆ ಅಡಿಕೆಯನ್ನು ಅಡಕತ್ತರಿಗೆ ಕೊಡಬೇಕು. ಕತ್ತರಿಸದೆ ನೋಡಲು ಬರುತ್ತದೆಯೇ ಎಂಬುದು ಇಲ್ಲಿಯ ಹುಡುಗರು ಕೈಹಾಕಬಹುದಾದ ಪ್ರಶ್ನೆ. ಮೈಕ್ರೋ ಸಿಟಿ ಯಂತ್ರವಿರುವ ಸಂಸ್ಥೆಯೊಂದರ ಜೊತೆ ಮಾತಾಡಿ ಪ್ರತಿ ದರ್ಜೆಯ ಅಡಿಕೆಯನ್ನೂ ಸ್ಕ್ಯಾನ್ ಮಾಡಿಸಿ. ಸಿಕ್ಕ ಕಚ್ಚಾ ಅಳತೆಗಳನ್ನು, ಕೋನಗಳ ವಿವರದ ಸಮೇತ, ಎಲ್ಲರಿಗೂ ಬಿಟ್ಟುಕೊಡಿ. ಬರೀ ಚಂದದ ಚಿತ್ರ ಕೊಟ್ಟರೆ ನಮಗೆ ಮಾಡಲು ಕೆಲಸವೇ ಉಳಿಯುವುದಿಲ್ಲ.

5. ಕನ್ನಡ ಕೈಪಿಡಿ ಆಗಬೇಕು. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಮುಕ್ತ ತಂತ್ರಾಂಶದ ಪಾಠಗಳನ್ನು ಕನ್ನಡದಲ್ಲೂ ಕೊಟ್ಟಿದೆ, ದಾರಿ ಹೊಸದೇನಲ್ಲ. ಪಾಠ ಸೈಕಿಟ್-ಇಮೇಜ್‌ನಿಂದ ಶುರುವಾಗಲಿ, ಅದು ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಕೈಪಿಡಿಯಲ್ಲಿ ಇದೂ ಇರಲಿ: ಈ ತಂತ್ರಾಂಶಗಳಲ್ಲೆಲ್ಲ ಸಿಗುವ, ಚಿತ್ರದ ಮಸುಕು ತೆಗೆಯುವ ರ್‍ಯಾಮ್-ಲ್ಯಾಕ್ ಫಿಲ್ಟರ್ ಜಿ.ಎನ್. ರಾಮಚಂದ್ರನ್ ಮತ್ತು ಎ.ವಿ. ಲಕ್ಷ್ಮೀನಾರಾಯಣನ್ ಅವರ 1971ರ ಪ್ರಬಂಧದಿಂದ ಬಂದದ್ದು. ರಾಮಚಂದ್ರನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಒಂದು ವಿಭಾಗವನ್ನೇ ಕಟ್ಟಿದವರು. ನಮ್ಮ ಮಕ್ಕಳು ಆ ಫಿಲ್ಟರ್ ಬಳಸುವಾಗ ಅದು ಯಾರದೆಂದು ತಿಳಿದಿರಲಿ.

6. ಲ್ಯಾಬಿನ ಆಚೆಗೂ ಒಂದು ಮಾತು: ಜಿಲ್ಲೆಯಲ್ಲಿ ಸ್ಕ್ಯಾನ್ ಮಾಡಿಸಿಕೊಂಡ ರೋಗಿಗೆ ಫಿಲ್ಮ್ ಮಾತ್ರವಲ್ಲ, ಸ್ಕ್ಯಾನಿನ ಎಲ್ಲ ಪದರಗಳ ಡಿಜಿಟಲ್ (ಡೈಕಾಂ) ಫೈಲುಗಳಿರುವ ಸಿಡಿಯನ್ನೂ ಕೇಳದೆಯೇ ಕೊಡುವಂತಾಗಬೇಕು. ಫಿಲ್ಮಿನಲ್ಲಿ ಆರಿಸಿದ ಕೆಲವು ಪದರಗಳಷ್ಟೇ ಇರುತ್ತವೆ. ಮಣಿಪಾಲಕ್ಕೋ ಹುಬ್ಬಳ್ಳಿಗೋ ಓಡುವವರಿಗೆ ಪೂರ್ತಿ ಫೈಲು ಕೈಯಲ್ಲಿದ್ದರೆ ಎರಡನೇ ವೈದ್ಯರಿಗೆ ತೋರಿಸುವುದು ಹಗುರ. ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ, 2022ರಲ್ಲಿ ಜೋರಾಗಿ ಎದ್ದ ಕೂಗಿನ ಬದಲಿಗೆ ಇದನ್ನು ಕೇಳುತ್ತಿದ್ದೇವೆಂದು ಯಾರೂ ತಿಳಿಯಬಾರದು. ಆ ಬೇಡಿಕೆ ಹಾಗೇ ಇದೆ.

7. ಇನ್ನು ಮುಂದೆ ಕಾಲೇಜುಗಳಿಗೆ ದುಬಾರಿ ತಂತ್ರಾಂಶ ಕೊಳ್ಳುವ ಮೊದಲು, ಮುಕ್ತ ತಂತ್ರಾಂಶ ಯಾಕೆ ಸಾಲದು ಎಂಬುದನ್ನು ಬರಹದಲ್ಲಿ ಕೊಡಬೇಕು. ಸರ್ಕಾರಿ ಕೆಲಸಗಳಿಗೆ ಮುಕ್ತ ತಂತ್ರಾಂಶಕ್ಕೇ ಆದ್ಯತೆ ಎಂದು ಕೇಂದ್ರ ಸರ್ಕಾರ 2015ರಲ್ಲಿ ನೀತಿ ಹೊರಡಿಸಿದೆ.

8. ಈ ಪತ್ರಕ್ಕೆ ಕನ್ನಡದಲ್ಲಿ, ಲಿಖಿತವಾಗಿ, ಮುಂದಿನ ಸೆಮಿಸ್ಟರ್ ಶುರುವಾಗುವ ಮೊದಲು ಉತ್ತರ ಬರಲಿ. ಒಮ್ಮೆಲೇ ಎಲ್ಲ ಆಗದಿದ್ದರೆ 3 ಮತ್ತು 4ನ್ನು ಮೊದಲು ಕೈಗೆತ್ತಿಕೊಳ್ಳಿ.