ಘಾಟಿಯ ದಾರಿ ಯಾರ ವಿನೋದಕ್ಕೆ?

ಪರ್ವತಮಾರ್ಗಗಳಲ್ಲಿ ಕಾರನ್ನೋ ಮೋಟಾರು ಸೈಕಲನ್ನೋ ಕೇವಲ ವಿನೋದಾರ್ಥವಾಗಿ ಓಡಿಸುವುದು ಈಗ ಒಂದು ವ್ಯಸನವೇ ಆಗಿದೆ. ಸೇರಬೇಕಾದ ಊರಿಲ್ಲ, ಮಾಡಬೇಕಾದ ಕಾರ್ಯವಿಲ್ಲ. ತಿರುವುಗಳೇ ಗುರಿ, ವೇಗವೇ ಫಲ. ಇದನ್ನು ಪ್ರಕೃತಿದರ್ಶನವೆಂದು ಕರೆಯುವವರೂ ಉಂಟು. ಈ ಮಾತು ಎಷ್ಟರಮಟ್ಟಿಗೆ ನಿಲ್ಲುವುದೆಂಬುದನ್ನು ವಾಚಕ ಮಹಾಶಯರು ವಿಚಾರಿಸಬೇಕು.

ಆಗುಂಬೆಯ ಘಾಟಿಯನ್ನೇ ತೆಗೆದುಕೊಳ್ಳೋಣ. ಅಲ್ಲಿಂದ ಸೋಮೇಶ್ವರಕ್ಕೆ ಇಳಿಯುವ ಈ ಕಿರಿದಾದ ದಾರಿಯಲ್ಲಿ 14 ಕಠಿನವಾದ ತಿರುವುಗಳಿವೆ. ಸುತ್ತಣ ಅರಣ್ಯವು ವನ್ಯಜೀವಿಧಾಮವು, ಸಿಂಗಳೀಕಗಳ ನೆಲೆಯು. ತೀರ್ಥಹಳ್ಳಿ, ಶೃಂಗೇರಿಗಳ ಕಡೆಯಿಂದ ಎಷ್ಟೋ ಮಂದಿ ರೋಗಿಗಳು ಮಣಿಪಾಲದ ಆಸ್ಪತ್ರೆಗೆ ಇಳಿಯುವುದೂ ಈ ದಾರಿಯಿಂದಲೇ. ಛಾಯಾಚಿತ್ರದ ಆಸೆಯಿಂದ ತಿರುವಿನಲ್ಲಿ ನಿಲ್ಲಿಸಿದ ಒಂದೇ ಒಂದು ಕಾರು ಆಂಬುಲೆನ್ಸನ್ನು ತಡೆಯಲು ಸಾಕು. ಒಬ್ಬನ ವಿನೋದದ ಐದು ನಿಮಿಷವು ಇನ್ನೊಬ್ಬನಿಗೆ ಪ್ರಾಣದ ಐದು ನಿಮಿಷವಾಗಬಹುದಷ್ಟೆ!

“ತೆರಿಗೆ ಕೊಟ್ಟಿದ್ದೇವೆ, ರಸ್ತೆಯು ನಮ್ಮದೂ ಹೌದು” ಎನ್ನುವರು. ನಿಜ. ಆದರೆ ತೆರಿಗೆಯಿಂದ ದೊರೆತುದು ಸಂಚಾರದ ಹಕ್ಕೇ ಹೊರತು ಪಂದ್ಯದ ಹಕ್ಕಲ್ಲ. ಸರಕಾರದ ಲಿಖಿತ ಅನುಮತಿಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ವಾಹನಗಳ ವೇಗಸ್ಪರ್ಧೆ ನಡೆಸುವುದು 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಅಪರಾಧವು. “ನಾವು ನುರಿತವರು” ಎಂಬುದು ಮತ್ತೊಂದು ಸಮಾಧಾನ. ಕೈ ಎಷ್ಟೇ ನುರಿತಿರಲಿ, ಕಣ್ಣು ಬಂಡೆಯನ್ನು ತೂರಿ ನೋಡಲಾರದು. ಇಳಿಜಾರಿನಲ್ಲಿ ಧಾವಿಸಿ ಪದೇ ಪದೇ ತುಳಿದ ಬ್ರೇಕು ಕಾದು ಹಿಡಿತವನ್ನು ಕಳೆದುಕೊಳ್ಳುವಾಗ ಸವಾರನ ಬಿರುದನ್ನು ಕೇಳುವುದಿಲ್ಲ. ಕೆಳಗಿನ ಗಿಯರಿನಲ್ಲಿ ಮೆಲ್ಲನೆ ಇಳಿಯುವುದೂ, ಏರಿ ಬರುವ ವಾಹನಕ್ಕೆ ದಾರಿ ಬಿಡುವುದೂ ನಿಜವಾದ ನೈಪುಣ್ಯವು.

ಇನ್ನು ಪ್ರಕೃತಿದರ್ಶನದ ಮಾತು. ವೇಗದಿಂದ ಹೋಗುವವನ ದೃಷ್ಟಿಯು ರಸ್ತೆಯ ಮೇಲೆ ನೆಟ್ಟಿರಲೇಬೇಕು, ನೆಟ್ಟಿಲ್ಲದಿದ್ದರೆ ಅನರ್ಥವು. ಹಾಗಾದರೆ ಅವನು ಕಂಡುದೇನು? ಡಾಮರು ಮಾತ್ರ! ಹಕ್ಕಿಯ ದನಿಯನ್ನು ಅವನ ಹಾರನ್ನೇ ನುಂಗಿತು. ಕಾಡನ್ನು ನೋಡಬೇಕೆನ್ನುವವನು ವೇಗವನ್ನು ಬಿಡಬೇಕು. ವೇಗವೇ ಬೇಕೆನ್ನುವವನು ಕಾಡಿನ ಹೆಸರನ್ನು ಬಿಡಬೇಕು.

ವಿನೋದಸಂಚಾರವನ್ನು ನಿಷೇಧಿಸಿರೆಂದು ನಾವು ಹೇಳುತ್ತಿಲ್ಲ. ಬೆಟ್ಟವನ್ನು ಕಂಡು ಹಿಗ್ಗದ ಮನಸ್ಸು ಮನಸ್ಸೇ ಅಲ್ಲ. ಆದರೆ ಆ ಹಿಗ್ಗಿಗೆ ವಿನಯವು ಜೊತೆಗಿರಲಿ. ಮಗನಿಗೆ ವಾಹನವನ್ನು ಕೊಡಿಸಬಲ್ಲ ತಂದೆತಾಯಿಗಳು, ಘಾಟಿಯು ಆಟದ ಬಯಲಲ್ಲ, ಮಲೆನಾಡಿನವರ ನಿತ್ಯದ ಹಾದಿ ಎಂಬ ತಿಳಿವಳಿಕೆಯನ್ನೂ ಬೀಗದ ಕೈಯ ಜೊತೆಯಲ್ಲಿಯೇ ಕೊಡತಕ್ಕದ್ದು.