ಸ್ಥಪತಿ ಯಾರು?

ಕಲಬುರಗಿಯಲ್ಲಿ ಮನೆ ಕಟ್ಟಿಸುವ ಗೃಹಸ್ಥರೊಳಗೆ ಈಚೆಗೆ ಎರಡು ಪಕ್ಷಗಳುಂಟಾಗಿವೆ. ಗಣಕದ ಆಜ್ಞೆಯಂತೆ ಕೊರೆಯುವ ಸಿ.ಎನ್.ಸಿ. ಯಂತ್ರವು ಬಂದ ಬಳಿಕ ಬಡಿಗೇರನೂ ಕಲ್ಲುಕುಟಿಗನೂ ಬೇಡವೆಂಬುದು ಒಂದು ಪಕ್ಷ. ಯಂತ್ರವು ಮುಟ್ಟಿದ ಬಾಗಿಲು ಬಾಗಿಲೇ ಅಲ್ಲವೆಂಬುದು ಮತ್ತೊಂದು. ಇವರಿಬ್ಬರೂ ಶಿಲ್ಪಶಾಸ್ತ್ರವನ್ನು ತೆರೆದು ನೋಡಿದಂತೆ ತೋರುವುದಿಲ್ಲ.

ಮಯಮತದಲ್ಲಿ ಶಿಲ್ಪಿಗಳು ನಾಲ್ವರು. ಸ್ಥಪತಿಯು ಕಟ್ಟಡವನ್ನು ಸಂಕಲ್ಪಿಸುವವನು; ಸೂತ್ರಗ್ರಾಹಿಯು ಆತನ ಮಗನೋ ಶಿಷ್ಯನೋ ಆಗಿದ್ದು ನೂಲು ಹಿಡಿದು ಅಳತೆ ಕಾಯುವವನು; ತಕ್ಷಕನು ಕಡಿಯುವವನು; ವರ್ಧಕಿಯು ಕಡಿದುದನ್ನು ಕೂಡಿಸುವವನು. ಹೊಸ ಯಂತ್ರವು ಸೂತ್ರಗ್ರಾಹಿಯ ಕೆಲಸವನ್ನು ಚೆನ್ನಾಗಿ ಮಾಡಬಲ್ಲುದು, ತಕ್ಷಕನ ಕೆಲಸದಲ್ಲಿಯೂ ಬಹುಭಾಗವನ್ನು ಮಾಡಬಲ್ಲುದು. ಅದನ್ನು ಸ್ಥಪತಿಯ ಪೀಠದಲ್ಲಿ ಕುಳ್ಳಿರಿಸಿದವರು ನಾವು! ಅಂಗಡಿಯವನು ತೋರಿಸಿದ ನಮೂನೆಗಳಲ್ಲಿ ಒಂದು ಹೂಬಳ್ಳಿಗೆ ಬೆರಳಿಟ್ಟು 'ಇದೇ ಇರಲಿ' ಎನ್ನುತ್ತೇವೆ. ಅದೇ ಬಳ್ಳಿಯು ಕಮಲಾಪುರದ ಬಾಗಿಲಿನಲ್ಲಿಯೂ ಕಲಬುರಗಿಯ ಜಾಲಂಧ್ರದಲ್ಲಿಯೂ ಹೈದರಾಬಾದಿನ ಹೋಟೆಲಿನ ಗೋಡೆಯಲ್ಲಿಯೂ ಹಬ್ಬುತ್ತದೆ. ಇತ್ತ ಬಡಿಗೇರನ ಮಗನು ಯಂತ್ರಕ್ಕೆ ಹಲಗೆ ಎತ್ತಿಕೊಡುವ ದಿನಗೂಲಿಯಾಗುತ್ತಾನೆ. ಇದು ಯಂತ್ರದ ದೋಷವೆ?

ಯಂತ್ರದ್ವೇಷಿಗಳು ನಮ್ಮ ಕೋಟೆಯೊಳಗಿನ ಜಾಮಿ ಮಸೀದಿಯನ್ನೊಮ್ಮೆ ನೋಡಿ ಬರಲಿ. 1367ರ ಆ ಕಟ್ಟಡಕ್ಕೆ ತೆರೆದ ಅಂಗಳವಿಲ್ಲ. ಇಡಿಯಾಗಿ ಮೇಲ್ಛಾವಣಿ ಹೊದೆದಿದೆ. ಒಂದೇ ಬಗೆಯ ಕಮಾನುಗಳು ಸಾಲುಸಾಲಾಗಿ ನಿಂತಿವೆ. ಅಳತೆಯ ಪುನರಾವೃತ್ತಿಯಿಂದ ಅವುಗಳ ಗಾಂಭೀರ್ಯವು ಕೆಟ್ಟಿತೆಂದು ಯಾರೂ ಹೇಳಿಲ್ಲ.

ಇನ್ನು ಕೈ ಬೇಡವೆನ್ನುವವರಿಗೆ ಶಹಾಬಾದದ ಫರಸಿಯೇ ಉತ್ತರ ಹೇಳುತ್ತದೆ. ಪದರುಪದರಾದ ಆ ಸುಣ್ಣಗಲ್ಲು ಎಲ್ಲಿ ಬಿಡುವುದು, ಎಲ್ಲಿ ಅಂಚು ಸಿಡಿಯುವುದು, ಯಾವ ಕೊರೆತವನ್ನು ತಾಳುವುದು ಎಂಬುದು ಅದನ್ನು ನಿತ್ಯ ಬಡಿದ ಕೈಗೇ ಗೊತ್ತು. ನಮೂನೆ ಬರೆಯುವಾಗಲೇ ಆ ಕೈಯವನನ್ನು ಕೇಳತಕ್ಕದ್ದು. ಕಲ್ಲು ಒಡೆದ ಮೇಲೆ ಕರೆದು ಫಲವೇನು?

ಬಾರ್ಸಿಲೋನಾ ನಗರದಲ್ಲಿ 1882ರಲ್ಲಿ ಆರಂಭವಾದ ಸಗ್ರಾದಾ ಫಮೀಲಿಯಾ ಎಂಬ ದೊಡ್ಡ ಇಗರ್ಜಿಯುಂಟು. ಅದರ ಸ್ಥಪತಿ ಗೌಡಿಯು 1926ರಲ್ಲಿ ತೀರಿಕೊಂಡನು. 1936ರ ದಂಗೆಯಲ್ಲಿ ಆತನ ಗಚ್ಚಿನ ಮಾದರಿಗಳು ಚೂರಾದವು. ಮುಂದಿನವರು ಆ ಚೂರುಗಳನ್ನು ಕೂಡಿಸಿ, ಆತನ ರೇಖಾಗಣಿತವನ್ನು ಗಣಕದ ನೆರವಿನಿಂದ ಬಿಡಿಸಿಕೊಂಡರು. ಯಂತ್ರದಿಂದ ಕಲ್ಲು ಕಡಿಸಿ, ಕಡೆಯ ಮೈಗೆಲಸವನ್ನು ಶಿಲ್ಪಿಗಳ ಉಳಿಗೆ ಬಿಟ್ಟರು. ಅಲ್ಲಿ ಯಂತ್ರವು ಶಿಷ್ಯಸ್ಥಾನದಲ್ಲಿಯೇ ಇದೆ.

ಇನ್ನೊಂದು ವಂಚನೆಯನ್ನೂ ಹೇಳಬೇಕು. ಯಂತ್ರವು ಪೂರ್ತಿಯಾಗಿ ಕೊರೆದ ಬಾಗಿಲಿಗೆ ಎರಡು ಉಳಿಯೇಟು ಕೊಟ್ಟು, ಕೈಕೆತ್ತನೆಯ ಬೆಲೆಗೆ ಮಾರುವವರಿದ್ದಾರೆ. ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಸೂಚಕದ ರಕ್ಷಣೆಯುಂಟು. ಪರಸ್ಥಳದ ಹಣ್ಣನ್ನು ಆ ಹೆಸರಿನಿಂದ ಮಾರಿದರೆ ನಾವು ಜಗಳಕ್ಕೆ ನಿಲ್ಲುತ್ತೇವೆ. ಹಣ್ಣಿಗೆ ಬೇಕಾದ ಸತ್ಯವು ಮನೆಯ ಹೆಬ್ಬಾಗಿಲಿಗೆ ಬೇಡವೆ?

ಆದುದರಿಂದ ಮನೆ ಕಟ್ಟಿಸುವವರು ಬಾಗಿಲಿನ ಲೆಕ್ಕವನ್ನು ಮೂರು ಸಾಲಿನಲ್ಲಿ ಬರೆಯಿಸಿಕೊಳ್ಳಲಿ: ಯಂತ್ರದ ಬಾಡಿಗೆ ಇಷ್ಟು, ಕೈಗೆಲಸದ ಕೂಲಿ ಇಷ್ಟು, ನಮೂನೆ ಬರೆದವನ ಸಂಭಾವನೆ ಇಷ್ಟು. ಮೂರನೆಯ ಸಾಲಿನಲ್ಲಿ ಅಂಗಡಿಯ ಹೆಸರಿದ್ದರೆ, ಅದನ್ನು ಹೊಡೆದು ಹಾಕಿ, ನಿಮ್ಮ ಓಣಿಯ ಬಡಿಗೇರನನ್ನು ಕರೆಯಿಸಿರಿ.